ಲ್ಯಾಬಿನಲ್ಲಿ ಓಡಿದ ಪ್ರಾಜೆಕ್ಟ್ ಪರೀಕ್ಷಕರ ಮುಂದೆ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಾವು ನಾಲ್ಕು ಜನ ಸೇರಿ ಲಸಿಕೆ ಸಾಗಿಸುವ ಪೆಟ್ಟಿಗೆಗೆ ಒಂದು ಕಾವಲು ಸಾಧನ ಮಾಡಿದ್ದೇವೆ. ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಡಿಎಸ್18ಬಿ20 ತಾಪಮಾನ ಸೆನ್ಸರ್, ಒಂದು ಬಝರ್, ಜೊತೆಗೆ ಮೊಬೈಲ್ ಆ್ಯಪ್. ಪೆಟ್ಟಿಗೆಯ ಒಳಗೆ ತಾಪಮಾನ 2 ಡಿಗ್ರಿಗಿಂತ ಇಳಿದರೆ ಅಥವಾ 8 ಡಿಗ್ರಿ ದಾಟಿದರೆ ಬಝರ್ ಕೂಗುತ್ತದೆ, ಆ್ಯಪ್‌ಗೆ ಸಂದೇಶ ಬರುತ್ತದೆ. ಲ್ಯಾಬಿನಲ್ಲಿ ರಾತ್ರಿಯಿಡೀ ಚೆನ್ನಾಗಿ ಓಡಿತ್ತು. ಮೊದಲ ರಿವ್ಯೂ ದಿನ ಬೇರೆ ಹಾಲ್‌ಗೆ ಒಯ್ದೆವು. ವೈಫೈ ಸಿಗಲಿಲ್ಲ. ಐದು ನಿಮಿಷ ಒದ್ದಾಡಿದ ಮೇಲೆ ಸಿಕ್ಕಿತು, ಆದರೆ ಪರದೆ ಮೇಲೆ ಮೈನಸ್ 127 ಡಿಗ್ರಿ ಅಂತ ಬಂತು. ಪರೀಕ್ಷಕರು ನಕ್ಕುಬಿಟ್ಟರು. ನಮಗೆ ಅಳು ಬಂತು. ಇನ್ನು ಮೂರು ವಾರದಲ್ಲಿ ಕೊನೆಯ ಪ್ರದರ್ಶನ ಇದೆ, ಸಿಗುವುದು 10 ನಿಮಿಷ. ಒಬ್ಬ ಗೆಳೆಯ "ವಿಡಿಯೋ ಹಾಕಿ ಮುಗಿಸೋಣ" ಅನ್ನುತ್ತಾನೆ. ಇನ್ನೊಬ್ಬಳು "ಪರದೆ ಮೇಲೆ 5 ಡಿಗ್ರಿ ಅಂತ ಕೋಡ್‌ನಲ್ಲೇ ಬರೆದುಬಿಡೋಣ, ಯಾರಿಗೂ ಗೊತ್ತಾಗಲ್ಲ" ಅನ್ನುತ್ತಾಳೆ. ಸೀನಿಯರ್‌ಗಳು ಇನ್ನೂ ನಾಲ್ಕು ಫೀಚರ್ ಸೇರಿಸಿ ಅನ್ನುತ್ತಾರೆ. ನಾನು ಚೆನ್ನಾಗಿ ಮಾತಾಡುತ್ತೇನೆ ಅಂತ ಎಲ್ಲವನ್ನೂ ನಾನೇ ಹೇಳಬೇಕಂತೆ. ಏನು ಮಾಡಲಿ?

ಉತ್ತರ:

ಮೊದಲು ಆ ಮೈನಸ್ 127ರ ವಿಷಯ ಹೇಳಿಬಿಡುತ್ತೇನೆ. ಅದು ದುರದೃಷ್ಟ ಅಲ್ಲ. ನಿಮ್ಮ ಸಾಧನ ಕೆಟ್ಟಿದೆ ಎಂದೂ ಅಲ್ಲ. ಈ ಸೆನ್ಸರ್ ಓದಲು ಹೆಚ್ಚಿನವರು ಬಳಸುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಸೆನ್ಸರ್‌ನಿಂದ ಉತ್ತರ ಬಾರದಿದ್ದಾಗ ಮೈನಸ್ 127 ಎಂಬ ಸಂಖ್ಯೆ ಕೊಡುತ್ತದೆ. "ಸೆನ್ಸರ್ ಕಾಣುತ್ತಿಲ್ಲ" ಎಂದು ಅದು ನಿಮಗೆ ಕೊಟ್ಟ ಸುದ್ದಿ ಅದು. ನಿಮ್ಮ ಕೋಡ್ ಆ ಸುದ್ದಿಯನ್ನು ತಾಪಮಾನ ಎಂದುಕೊಂಡು ಪರದೆಗೆ ಕಳಿಸಿತು. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಹಲಗೆ) ಹೊತ್ತು ತರುವಾಗ ಒಂದು ತಂತಿ ಸಡಿಲವಾಗಿರಬೇಕು, ಅಥವಾ ಡೇಟಾ ತಂತಿಯ ವೋಲ್ಟೇಜನ್ನು ಮೇಲೆ ಹಿಡಿದಿಡಲು ಹಾಕುವ 4.7 ಕಿಲೋ ಓಮ್ ಪುಲ್‌ಅಪ್ ರೆಸಿಸ್ಟರ್‌ನ ಕಾಲು ಮೇಲೆದ್ದಿರಬೇಕು. ಇದೇ ಸೆನ್ಸರ್ ಕೆಲವೊಮ್ಮೆ 85 ಡಿಗ್ರಿ ಅಂತಲೂ ತೋರಿಸುತ್ತದೆ. ಪವರ್ ಬಂದ ಕೂಡಲೇ ಅದರ ಒಳಗೆ ಕೂತಿರುವ ಸಂಖ್ಯೆ ಅದು. ಅಳತೆ ಮುಗಿಯುವ ಮೊದಲೇ ಓದಿದರೆ, ಅಥವಾ ಮಧ್ಯೆ ಪವರ್ ಒಮ್ಮೆ ಹೋಗಿ ಬಂದರೆ, 85 ಕಾಣುತ್ತದೆ. ಅತಿ ಸೂಕ್ಷ್ಮವಾದ 12 ಬಿಟ್ ಅಳತೆಗೆ ಅದಕ್ಕೆ 750 ಮಿಲಿಸೆಕೆಂಡ್‌ವರೆಗೆ ಬೇಕು.

ನಿಮ್ಮ ಸಾಧನದಲ್ಲಿ ಇದು ಎಷ್ಟು ಮುಖ್ಯ ನೋಡಿ. ಲಸಿಕೆ ಪೆಟ್ಟಿಗೆಯಲ್ಲಿ ಸೆನ್ಸರ್ ತಂತಿ ಕಿತ್ತುಬಂದರೆ ಏನಾಗಬೇಕು? ಸಾಧನ ತಪ್ಪು ಸಂಖ್ಯೆ ತೋರಿಸುತ್ತಾ ಕೂರಬಾರದು. "ನನಗೆ ಒಳಗಿನದು ಕಾಣುತ್ತಿಲ್ಲ" ಎಂದು ಕೂಗಿ ಹೇಳಬೇಕು. ಅವತ್ತು ಹಾಲ್‌ನಲ್ಲಿ ಆದದ್ದು ನಿಜವಾದ ಬಳಕೆಯಲ್ಲೂ ಖಂಡಿತ ಆಗುತ್ತದೆ. ಅದನ್ನು ಬಚ್ಚಿಡಬೇಡಿ. ಸರಿಪಡಿಸಿ, ಕೊನೆಯ ದಿನ ನೀವೇ ಎಲ್ಲರ ಮುಂದೆ ಆ ತಂತಿ ಕಿತ್ತು ತೋರಿಸಿ. ನಾನು ಹೇಳಬೇಕಾದ್ದರ ತಿರುಳು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ದಾರಿ ಮಾಡಿಕೊಳ್ಳುವ ಮಾತು.

ನಾನು ಕೆಲವು ವರ್ಷ ಎಂಬೆಡೆಡ್ (ಒಳಗೇ ಪುಟ್ಟ ಕಂಪ್ಯೂಟರ್ ಇರುವ) ಸಾಧನಗಳನ್ನು ಮಾಡುವ ಕೆಲಸದಲ್ಲಿದ್ದೆ. ಆಮೇಲೆ ತುಂಬಾ ವರ್ಷ ಪ್ರಾಜೆಕ್ಟ್ ಗೈಡ್ ಆಗಿ, ಪರೀಕ್ಷಕನಾಗಿ ಕೂತಿದ್ದೇನೆ. ಮೇಜಿನ ಆಚೆ ಕೂತವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ನಿಮಗೆ ಹೇಳಬಲ್ಲೆ. "ಇದು ಎಂದೂ ಕೆಡುವುದಿಲ್ಲವೇ" ಎಂದು ಅವರು ನೋಡುತ್ತಿರುವುದಿಲ್ಲ. ಕೆಡದ ಸಾಧನ ಇಲ್ಲ ಎಂದು ಅವರಿಗೂ ಗೊತ್ತು. "ಇದು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂದು ಈ ಮಕ್ಕಳಿಗೆ ಗೊತ್ತಿದೆಯೇ? ಇದನ್ನು ಇವರೇ ಮಾಡಿದ್ದಾರೆಯೇ?" ಎಂದು ನೋಡುತ್ತಿರುತ್ತಾರೆ. ಈ ಎರಡಕ್ಕೂ ಉತ್ತರ ಸಿಕ್ಕರೆ ಅವರು ನಿರಾಳರಾಗುತ್ತಾರೆ.

ಒಮ್ಮೆ ನಾಲ್ವರು ಹುಡುಗರು ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ಗಾಡಿ ತಂದಿದ್ದರು. ಸಾಧಾರಣ ಪ್ರಾಜೆಕ್ಟ್, ಅಂಥದ್ದು ಪ್ರತಿ ವರ್ಷ ಹತ್ತು ಬರುತ್ತವೆ. ಆದರೆ ಅವರು ಗಾಡಿ ಓಡಿಸಿ ತೋರಿಸಿದ ಮೇಲೆ "ಸರ್, ಈಗ ಕಿಟಕಿ ಪರದೆ ಸರಿಸುತ್ತೇವೆ, ದಾರಿ ತಪ್ಪುತ್ತದೆ ನೋಡಿ" ಎಂದರು. ಬಿಸಿಲು ಬಿತ್ತು, ಗಾಡಿ ತಪ್ಪಿತು. ಗಾಡಿಯ ಸೆನ್ಸರ್ ಗೆರೆ ಗುರುತಿಸುವುದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಿಂದ, ಬಿಸಿಲಿನಲ್ಲೂ ಅದು ಇರುತ್ತದೆ, ಸೆನ್ಸರ್‌ಗೆ ಗೆರೆಯೂ ನೆಲವೂ ಒಂದೇ ಥರ ಕಾಣುತ್ತವೆ ಎಂದು ವಿವರಿಸಿದರು. ಆಮೇಲೆ ಸೆನ್ಸರ್ ಸುತ್ತ ಕಪ್ಪು ಕಾಗದದ ಗೂಡು ಹಾಕಿ ಮತ್ತೆ ಓಡಿಸಿದರು. ಸರಿಯಾಗಿ ಓಡಿತು. ಆ ಮೂರು ನಿಮಿಷದಲ್ಲಿ ನನಗೆ ಅವರ ಕೆಲಸದ ಮೇಲೆ ಬಂದ ನಂಬಿಕೆ 40 ಪುಟದ ರಿಪೋರ್ಟ್ ಓದಿದ್ದರೂ ಬರುತ್ತಿರಲಿಲ್ಲ.

ಇದು ಹೊಸ ಉಪಾಯ ಅಲ್ಲ. 1854ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲೀಶಾ ಓಟಿಸ್ ತನ್ನ ಲಿಫ್ಟ್‌ನ ಸುರಕ್ಷಾ ಬ್ರೇಕ್ ತೋರಿಸಬೇಕಿತ್ತು. ಲಿಫ್ಟ್ ಮೇಲೆ ಹೋಗಿ ಕೆಳಗೆ ಬರುವುದನ್ನು ತೋರಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಗ್ಗದಿಂದ ಎತ್ತುವ ಯಂತ್ರಗಳು ಆಗಲೇ ಇದ್ದವು. ಜನರಿಗೆ ಇದ್ದ ಭಯ ಒಂದೇ, ಹಗ್ಗ ಕಡಿದರೆ ಏನು ಗತಿ? ಅವನು ತಾನೇ ವೇದಿಕೆ ಮೇಲೆ ನಿಂತು ಮೇಲಕ್ಕೆ ಹೋಗಿ, ಹಗ್ಗವನ್ನು ಕಡಿಸಿದ. ವೇದಿಕೆ ತುಸು ಜಾರಿ ನಿಂತಿತು. ನೋಡುವವರ ಭಯ ಏನು ಎಂದು ಅವನಿಗೆ ಗೊತ್ತಿತ್ತು, ಅಲ್ವಾ? ನಿಮ್ಮ ಪೆಟ್ಟಿಗೆಯ ವಿಷಯದಲ್ಲಿ ನೋಡುವವರ ಭಯ ಏನು? ಸೆನ್ಸರ್ ಸತ್ತರೆ, ನೆಟ್ ಹೋದರೆ, ಪವರ್ ಹೋದರೆ ಏನು? ನಿಮ್ಮ 10 ನಿಮಿಷಕ್ಕೆ ಅದೇ ವಿಷಯ.

ಇನ್ನು ಲ್ಯಾಬಿನಲ್ಲಿ ಓಡಿದ್ದು ಹಾಲ್‌ನಲ್ಲಿ ಯಾಕೆ ಓಡಲಿಲ್ಲ ಎಂಬುದಕ್ಕೆ ಬರೋಣ. "ಡೆಮೋ ದಿನವೇ ಕೈಕೊಡುತ್ತೆ" ಎಂದು ಎಲ್ಲರೂ ಹಣೆಬರಹದ ಹಾಗೆ ಮಾತಾಡುತ್ತಾರೆ. ಹಣೆಬರಹ ಏನಿಲ್ಲ. ಜಾಗ ಬದಲಾದಾಗ ಮೂರು ಸಂಗತಿ ಬದಲಾಗುತ್ತವೆ. ನೆಟ್‌ವರ್ಕ್, ಪವರ್, ತಂತಿಗಳ ಹಿಡಿತ. ರಾತ್ರಿಯಿಡೀ ಓಡಿದ್ದು ಅದೇ ಮೇಜಿನ ಮೇಲೆ, ಅದೇ ವೈಫೈಯಲ್ಲಿ, ಯಾರೂ ಮುಟ್ಟದೆ. ಆ ಪರೀಕ್ಷೆಯಲ್ಲಿ ಈ ಮೂರೂ ಸಂಗತಿ ಇರಲೇ ಇಲ್ಲ.

ವೈಫೈ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಾನು ನೋಡಿದ ಸೋತ ಡೆಮೋಗಳಲ್ಲಿ ತುಂಬಾ ಸೋತದ್ದು ಇಲ್ಲೇ. ಇಎಸ್‌ಪಿ32 ಬೋರ್ಡ್ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತದೆ, 5 ಗಿಗಾಹರ್ಟ್ಸ್ ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ಫೋನ್ ಹಾಟ್‌ಸ್ಪಾಟ್ 5ಕ್ಕೆ ಇಟ್ಟಿದ್ದರೆ ಲ್ಯಾಪ್‌ಟಾಪ್‌ಗೆ ಸಿಗುತ್ತದೆ, ಬೋರ್ಡ್‌ಗೆ ಸಿಗುವುದಿಲ್ಲ. ಇನ್ನು ಸಂಸ್ಥೆಯ ವೈಫೈ. ಸೇರಿದ ಮೇಲೆ ಬ್ರೌಸರ್‌ನಲ್ಲಿ ಲಾಗಿನ್ ಪುಟ ತೆರೆಯುವಂಥದ್ದಾದರೆ, ಆ ಪುಟ ತುಂಬಲು ನಿಮ್ಮ ಬೋರ್ಡ್‌ಗೆ ಕಣ್ಣೂ ಇಲ್ಲ, ಕೈಯೂ ಇಲ್ಲ. ಸಿಗ್ನಲ್ ಇದೆ ಎಂದು ಕಾಣುತ್ತದೆ, ಡೇಟಾ ಹೋಗುವುದಿಲ್ಲ. ಮೂರನೆಯದು ಜನಜಂಗುಳಿ. ಒಂದೇ ಹಾಲ್‌ನಲ್ಲಿ 30 ತಂಡ, ಪ್ರತಿ ತಂಡದ್ದೂ ಒಂದು ಹಾಟ್‌ಸ್ಪಾಟ್, ಮೇಲೆ ಬ್ಲೂಟೂತ್‌ಗಳು. ಬ್ಲೂಟೂತ್ ಕೂಡ ಅದೇ 2.4ರಲ್ಲೇ ಇದೆ.

ಇದು ವಿದ್ಯಾರ್ಥಿಗಳಿಗೆ ಮಾತ್ರ ಆಗುವುದಲ್ಲ. 2010ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಐಫೋನ್ 4 ತೋರಿಸುವಾಗ ಫೋನಿನಲ್ಲಿ ವೆಬ್ ಪುಟ ತೆರೆಯಲೇ ಇಲ್ಲ. ಆ ಸಭಾಂಗಣದಲ್ಲಿ 570 ವೈಫೈ ಬೇಸ್ ಸ್ಟೇಷನ್‌ಗಳು ಓಡುತ್ತಿವೆ ಎಂದು ಹೇಳಿ, ದಯವಿಟ್ಟು ನಿಮ್ಮವನ್ನು ಆರಿಸಿ ಎಂದು ಸಭಿಕರನ್ನು ಕೇಳಿಕೊಳ್ಳಬೇಕಾಯಿತು. ಅಷ್ಟು ತಯಾರಿ ಮಾಡುವವರಿಗೇ ಹೀಗಾದರೆ, ನೀವು ಹಾಲ್‌ನ ವೈಫೈಯನ್ನು ನಂಬಿ ಹೋಗುವುದು ಸರಿಯಲ್ಲ.

ಹಾಗಾದರೆ ಏನು ಮಾಡುವುದು? ಇಎಸ್‌ಪಿ32 ತಾನೇ ಒಂದು ಚಿಕ್ಕ ವೈಫೈ ಕೇಂದ್ರವಾಗಬಲ್ಲದು, ಇದಕ್ಕೆ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅನ್ನುತ್ತಾರೆ. ಫೋನನ್ನು ನೇರವಾಗಿ ಬೋರ್ಡ್‌ಗೇ ಸೇರಿಸಿ. ಬೋರ್ಡ್ ಒಂದು ಸರಳ ಪುಟದಲ್ಲಿ ತಾಪಮಾನ ತೋರಿಸಲಿ. ಮಧ್ಯೆ ಇಂಟರ್‌ನೆಟ್ ಇಲ್ಲ, ಕ್ಲೌಡ್ ಇಲ್ಲ. ಒಂದು ಎಚ್ಚರಿಕೆ: ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಅನೇಕ ಫೋನ್‌ಗಳು ಸುಮ್ನೆ ಮೊಬೈಲ್ ಡೇಟಾಗೆ ಹಾರಿಬಿಡುತ್ತವೆ, ಪುಟ ತೆರೆಯುವುದಿಲ್ಲ. ಡೆಮೋ ಮೊದಲು ಮೊಬೈಲ್ ಡೇಟಾ ಆರಿಸಿ. ಕೈಗೆ ಸಿಗದ ಈ ಸಮಸ್ಯೆಗೆ ಅರ್ಧ ಗಂಟೆ ತಲೆ ಕೆಡಿಸಿಕೊಂಡು ಕೂತ ತಂಡಗಳನ್ನು ನೋಡಿದ್ದೇನೆ. ಕ್ಲೌಡ್ ಮೂಲಕ ಸಂದೇಶ ಬರುವುದನ್ನೂ ತೋರಿಸಬೇಕು ಅಂದರೆ ತೋರಿಸಿ, ಆದರೆ ಅದನ್ನು ಕೊನೆಗೆ ಇಡಿ. ಅದು ಬಾರದಿದ್ದರೂ ಮುಖ್ಯ ಕಥೆ ಆಗಲೇ ಮುಗಿದಿರಬೇಕು.

ಪವರ್ ಬಗ್ಗೆ. ವೈಫೈಯಲ್ಲಿ ಡೇಟಾ ಕಳಿಸುವ ಗಳಿಗೆಯಲ್ಲಿ ಈ ಬೋರ್ಡ್ ಕೆಲವು ನೂರು ಮಿಲಿಆಂಪ್ ಎಳೆಯುತ್ತದೆ. ತಯಾರಕರು ಕನಿಷ್ಠ 500 ಮಿಲಿಆಂಪ್ ಕೊಡಬಲ್ಲ ಮೂಲ ಬೇಕು ಅನ್ನುತ್ತಾರೆ. ಲ್ಯಾಪ್‌ಟಾಪ್‌ನ ಯುಎಸ್‌ಬಿ 2.0 ಪೋರ್ಟ್ ಕೊಡುವುದೇ 500. ತೆಳ್ಳಗಿನ ಉದ್ದ ಕೇಬಲ್ ಆದರೆ ವೋಲ್ಟೇಜ್ ಇಳಿದು ಬೋರ್ಡ್ ರೀಸೆಟ್ ಆಗುತ್ತದೆ. ಬೋರ್ಡ್ ಕಳಿಸುವ ಮಾತುಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಸಾಲದು) ಎಂದು ಸಂದೇಶ ಬಂದಿದ್ದರೆ ಇದೇ ಕಾರಣ. ದಪ್ಪ, ಗಿಡ್ಡ ಕೇಬಲ್ ಬಳಸಿ. ಬೋರ್ಡ್‌ನ ಪವರ್ ಪಿನ್‌ಗಳ ಹತ್ತಿರ ಒಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಪವರ್ ಬ್ಯಾಂಕ್ ಬಳಸುತ್ತೀರಾದರೆ ಇನ್ನೊಂದು ಗುಟ್ಟು. ಕರೆಂಟ್ ತುಂಬಾ ಕಡಿಮೆಯಾದರೆ "ಫೋನ್ ಚಾರ್ಜ್ ಆಯಿತು" ಎಂದುಕೊಂಡು ಹೆಚ್ಚಿನ ಪವರ್ ಬ್ಯಾಂಕ್‌ಗಳು ತಾವೇ ಆರಿಹೋಗುತ್ತವೆ. ನಿಮ್ಮ ಬೋರ್ಡ್ ಬ್ಯಾಟರಿ ಉಳಿಸಲು ನಿದ್ದೆಗೆ ಹೋಗುವ ಹಾಗೆ ಕೋಡ್ ಬರೆದಿದ್ದರೆ, ನಿದ್ದೆ ಮಾಡಿದ ಬೋರ್ಡ್ ಏಳುವುದೇ ಇಲ್ಲ.

ತಂತಿಗಳ ವಿಷಯಕ್ಕೆ ಹೆಚ್ಚು ಮಾತು ಬೇಡ. ಬ್ರೆಡ್‌ಬೋರ್ಡ್ ಪ್ರಯೋಗಕ್ಕೆ, ಪ್ರಯಾಣಕ್ಕಲ್ಲ. ಚುಕ್ಕಿ ಬೋರ್ಡ್ (ಸಾಲು ಸಾಲು ತೂತುಗಳ ಹಲಗೆ) ಮೇಲೆ ಬೆಸುಗೆ ಹಾಕಿ. ಸೆನ್ಸರ್‌ಗೆ ಒಂದೇ ದಿಕ್ಕಿನಲ್ಲಿ ಕೂರುವ ಮೂರು ಪಿನ್ ಕನೆಕ್ಟರ್ ಹಾಕಿ. ಡಿಎಸ್18ಬಿ20 ತಿರುಗುಮುರುಗಾಗಿ ಸೇರಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಎಲ್ಲರ ಮುಂದೆ ಕಿತ್ತು ಮತ್ತೆ ಹಾಕುವವರು ನೀವು, ಅವಸರದಲ್ಲಿ ತಪ್ಪಲು ಸಾಧ್ಯವೇ ಇರಬಾರದು.

ಈಗ ನಿಮ್ಮ ಮುಂದಿರುವ ದಾರಿಗಳು. ಕೋಡ್‌ನಲ್ಲೇ 5 ಡಿಗ್ರಿ ಬರೆಯುವ ಯೋಚನೆಯನ್ನು ಇವತ್ತೇ ಬಿಡಿ. ಅದು ಮೋಸ ಎಂಬುದು ಮೊದಲ ಮಾತು. ಎರಡನೆಯದು, ಅದು ನಿಲ್ಲುವುದೂ ಇಲ್ಲ. ತಾಪಮಾನದ ಪ್ರಾಜೆಕ್ಟ್ ಬಂದರೆ ನಾನು ಮೊದಲು ಮಾಡುವ ಕೆಲಸ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿಯುವುದು. ಸಂಖ್ಯೆ ಏರಬೇಕು. ಒಮ್ಮೆ ಏರಲಿಲ್ಲ. ಆ ತಂಡದ ಉಳಿದ ಕೆಲಸ ನಿಜವಾಗಿಯೂ ಚೆನ್ನಾಗಿತ್ತು, ಆ್ಯಪ್ ಅಚ್ಚುಕಟ್ಟಾಗಿತ್ತು. ಆದರೆ ಆಮೇಲೆ ಅವರು ತೋರಿಸಿದ ಯಾವುದನ್ನೂ ನಂಬಲು ನನಗೆ ಆಗಲಿಲ್ಲ. ಆ ಮಕ್ಕಳ ಮುಖ ಇನ್ನೂ ನೆನಪಿದೆ. ನಿಮ್ಮ ಗೆಳತಿಗೆ ಇದನ್ನು ಓದಿ ಹೇಳಿ, ಬೈಯಬೇಡಿ. ಭಯದಿಂದ ಬಂದ ಯೋಚನೆ ಅದು.

ವಿಡಿಯೋ ಕೆಟ್ಟದ್ದಲ್ಲ. ಅದು ಎರಡನೇ ಸಾಲಿನ ರಕ್ಷಣೆ. ಮೊದಲೇ ವಿಡಿಯೋ ಹಾಕಿದರೆ "ಇವರ ಸಾಧನ ಓಡುವುದಿಲ್ಲ" ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನೇರವಾಗಿ ಓಡಿಸಿ, ಅಡ್ಡಿ ಬಂದರೆ ಮಾತ್ರ ವಿಡಿಯೋಗೆ ಹೋಗಿ. ಅದು ಎರಡು ನಿಮಿಷಕ್ಕಿಂತ ಕಡಿಮೆ ಇರಲಿ, ಒಂದೇ ಶಾಟ್ ಆಗಿರಲಿ, ಕತ್ತರಿ ಹಾಕಬೇಡಿ. ಸಾಧನ, ಪರದೆ, ಗೋಡೆ ಗಡಿಯಾರ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣಲಿ. ಲ್ಯಾಪ್‌ಟಾಪ್‌ನಲ್ಲೇ ಉಳಿಸಿಡಿ. ನೆಟ್‌ನಿಂದ ಓಡಿಸುವ ವಿಡಿಯೋ ನೆಟ್ ಇಲ್ಲದಾಗ ಉಪಯೋಗಕ್ಕೆ ಬಾರದು. ತೋರಿಸುವಾಗ "ಇದು ಇಂಥ ದಿನ ರೆಕಾರ್ಡ್ ಮಾಡಿದ್ದು" ಎಂದು ಬಾಯಿಬಿಟ್ಟು ಹೇಳಿ.

ಮೂರನೆಯ ದಾರಿ ಒಂದಿದೆ, ಯಾರೂ ನಿಮಗೆ ಹೇಳಿದಂತಿಲ್ಲ. ಹಳೆಯ ನಿಜವಾದ ಅಳತೆಗಳನ್ನು ಕಡತದಿಂದ ಓದಿ, ಉಳಿದ ವ್ಯವಸ್ಥೆಯನ್ನೆಲ್ಲ ನೇರವಾಗಿ ಓಡಿಸುವುದು. ಸೆನ್ಸರ್ ಸತ್ತರೂ ಆ್ಯಪ್, ಎಚ್ಚರಿಕೆಯ ಲೆಕ್ಕ, ಬಝರ್ ಎಲ್ಲವೂ ಕಣ್ಣೆದುರು ಕೆಲಸ ಮಾಡುತ್ತವೆ. ಇದರ ಅಪಾಯ ಒಂದೇ, ನೋಡುವವರು ಅದನ್ನು ಜೀವಂತ ಅಳತೆ ಎಂದು ತಿಳಿದುಕೊಂಡು ಆಮೇಲೆ ನಿಜ ಗೊತ್ತಾದರೆ ಬೇಸರ ಮಾಡಿಕೊಳ್ಳುತ್ತಾರೆ. ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ "ಹಳೆಯ ದಾಖಲೆ" ಎಂದು ಬರುವಂತೆ ಮಾಡಿ. ಆಗ ಇದು ಮೋಸ ಅಲ್ಲ, ಪರೀಕ್ಷೆಯ ಒಳ್ಳೆಯ ವಿಧಾನ.

ನಿಮ್ಮ ಪ್ರಾಜೆಕ್ಟ್‌ಗೆ ಒಂದು ವಿಶೇಷ ತೊಂದರೆಯೂ ಇದೆ. ತಾಪಮಾನ ನಿಧಾನದ ವಸ್ತು. ಮುಚ್ಚಿದ ಪೆಟ್ಟಿಗೆ 5ರಿಂದ 8 ಡಿಗ್ರಿಗೆ ಏರಲು ಗಂಟೆಗಳು ಬೇಕಾಗಬಹುದು, ನಿಮ್ಮ ಹತ್ತಿರ ಇರುವುದು 10 ನಿಮಿಷ. ಇದಕ್ಕೆ ಕಥೆಯನ್ನು ಎರಡು ತುಂಡು ಮಾಡಿ. ನಿಧಾನದ ಭಾಗವನ್ನು ಮೊದಲೇ ಮಾಡಿ ಗ್ರಾಫ್ ತನ್ನಿ. ಪೆಟ್ಟಿಗೆಯನ್ನು 24 ಗಂಟೆ ಇಟ್ಟು ಪ್ರತಿ ನಿಮಿಷದ ಅಳತೆ ದಾಖಲಿಸಿದರೆ 1440 ಚುಕ್ಕೆಗಳ ಗೆರೆ ಸಿಗುತ್ತದೆ. ಮುಚ್ಚಳ ತೆರೆದ ಕ್ಷಣ, ಐಸ್ ಕರಗಿ ಮುಗಿದ ಕ್ಷಣ ಅದರಲ್ಲಿ ಕಾಣುತ್ತವೆ. ವೇಗದ ಭಾಗವನ್ನು ಮಾತ್ರ ನೇರವಾಗಿ ತೋರಿಸಿ.

ವೇಗದ ಭಾಗಕ್ಕೆ ಒಂದು ಲೋಟ ಸಾಕು. ಸ್ಟೀಲ್ ಕೊಳವೆಯೊಳಗಿನ, ನೀರು ಹೋಗದ ಸೆನ್ಸರ್ ನಿಮ್ಮದಾಗಿದ್ದರೆ ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದುಗಳು ತುಂಬುವಷ್ಟು ಶುದ್ಧ ನೀರು ಹೊಯ್ಯಿರಿ. ಚೆನ್ನಾಗಿ ಕಲಕಿದ ಐಸ್ ನೀರು ಸರಿಯಾಗಿ 0 ಡಿಗ್ರಿಯಲ್ಲಿ ನಿಲ್ಲುತ್ತದೆ. ಅದರೊಳಗೆ ಸೆನ್ಸರ್ ಇಡಿ. ಈ ಸೆನ್ಸರ್‌ನ ಖಾತರಿ ಮೈನಸ್ 10ರಿಂದ 85 ಡಿಗ್ರಿವರೆಗೆ ಅರ್ಧ ಡಿಗ್ರಿ ಹೆಚ್ಚುಕಡಿಮೆ. ಪರದೆ ಮೈನಸ್ 0.5 ಮತ್ತು 0.5ರ ನಡುವೆ ತೋರಿಸಿದರೆ ಎರಡು ಕೆಲಸ ಒಟ್ಟಿಗೆ ಆದವು. "ನಿಮ್ಮ ಸೆನ್ಸರ್ ಸರಿ ಎಂದು ಹೇಗೆ ಗೊತ್ತು?" ಎಂಬ ಪ್ರಶ್ನೆ ಬರುವ ಮೊದಲೇ ಉತ್ತರ ಸಿಕ್ಕಿತು. ಜೊತೆಗೆ 2 ಡಿಗ್ರಿಗಿಂತ ಕೆಳಗಿನ ಎಚ್ಚರಿಕೆಯೂ ಕೂಗಿತು.

ಈ ಕೆಳಗಿನ ಎಚ್ಚರಿಕೆಯನ್ನು ಹೆಚ್ಚಿನ ತಂಡಗಳು ಮರೆಯುತ್ತವೆ. ಲಸಿಕೆ ಬಿಸಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪಟೈಟಿಸ್ ಬಿ, ಡಿಪಿಟಿಯಂಥ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ ಎಂದು ತುಂಬಾ ಜನಕ್ಕೆ ಗೊತ್ತಿಲ್ಲ. ಐಸ್ ಲೋಟದ ಮುಂದೆ ನಿಂತು ಆ ಒಂದು ಮಾತು ಹೇಳಿ, ಕೋಣೆ ಸುಮ್ಮನಾಗುತ್ತದೆ. ಆಮೇಲೆ ಸೆನ್ಸರನ್ನು ತೆಗೆದು ಒರೆಸಿ ಪರೀಕ್ಷಕರ ಕೈಗೇ ಕೊಡಿ. ಅವರ ಮುಷ್ಟಿಯ ಬಿಸಿಗೆ ಸಂಖ್ಯೆ ಏರಿ 8 ದಾಟಿ ಬಝರ್ ಕೂಗಲಿ. ಎಷ್ಟು ಸೆಕೆಂಡ್ ಬೇಕು ಎಂದು ಮೊದಲೇ ಅಳೆದಿಟ್ಟುಕೊಳ್ಳಿ. ನೀರಿನಲ್ಲಿ ಬೇಗ ಆಗುತ್ತದೆ, ಗಾಳಿಯಲ್ಲಿ ನಿಧಾನ. ಸುಮ್ಮನೆ ಕಾಯುವ ಹೊತ್ತಿನಲ್ಲಿ ಏನು ಹೇಳುತ್ತೀರಿ ಎಂದೂ ಗೊತ್ತಿರಲಿ. ಕೊನೆಗೆ ಕನೆಕ್ಟರ್ ಕಿತ್ತುಬಿಡಿ. ಪರದೆ ಮೇಲೆ "ಸೆನ್ಸರ್ ಸಂಪರ್ಕ ಇಲ್ಲ" ಎಂದು ಬರಲಿ, ಬಝರ್ ಬೇರೆ ಲಯದಲ್ಲಿ ಕೂಗಲಿ. "ಮೊದಲ ರಿವ್ಯೂನಲ್ಲಿ ನೀವು ನೋಡಿದ ಮೈನಸ್ 127 ಇದೇ. ಈಗ ಹೀಗೆ ಸರಿ ಮಾಡಿದ್ದೇವೆ" ಎನ್ನಿ. ಅವತ್ತು ನಕ್ಕವರೇ ತಲೆ ಅಲ್ಲಾಡಿಸುತ್ತಾರೆ.

ಇಷ್ಟಕ್ಕೇ ಐದು ನಿಮಿಷ ಆಗುತ್ತದೆ. ಗ್ರಾಫ್‌ಗೆ ಒಂದೂವರೆ ನಿಮಿಷ. ಉಳಿದದ್ದು ಪ್ರಶ್ನೆಗಳಿಗೆ. ಹಾಗಾದರೆ ತಂಡದ ಹೆಸರು, ಉದ್ದೇಶ, ಬ್ಲಾಕ್ ಡಯಾಗ್ರಾಮ್ (ಭಾಗಗಳ ಜೋಡಣೆಯ ನಕ್ಷೆ) ಇರುವ ಎಂಟು ಸ್ಲೈಡ್ ಎಲ್ಲಿ? ಎಲ್ಲೂ ಬೇಡ. ಮೊದಲ ವಾಕ್ಯ ಹೇಳುವಾಗಲೇ ಪೆಟ್ಟಿಗೆ ಕೈಯಲ್ಲಿರಲಿ. "ಇದರೊಳಗೆ ಲಸಿಕೆ ಇದೆ ಅಂದುಕೊಳ್ಳಿ. ಇದು ಸರಿಯಾಗಿ ತಣ್ಣಗಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ನಮ್ಮ ಸಾಧನ ಅದನ್ನು ಹೇಳುತ್ತದೆ." ಇಷ್ಟು ಸಾಕು. ಬ್ಲಾಕ್ ಡಯಾಗ್ರಾಮ್ ಒಂದು ಹಾಳೆಯಲ್ಲಿ ಮುದ್ರಿಸಿ ಮೇಜಿನ ಮೇಲಿಡಿ, ಕೇಳಿದರೆ ತೋರಿಸಿ.

ಸೀನಿಯರ್‌ಗಳ ನಾಲ್ಕು ಫೀಚರ್ ಸಲಹೆಗೂ ಇದೇ ಉತ್ತರ. ಹೊಸ ಫೀಚರ್ ಒಂದೊಂದೂ ಹೊಸದಾಗಿ ಕೆಡುವ ಜಾಗ. ಈಗ ನೀವು ಜಿಪಿಎಸ್ ಸೇರಿಸಿದಿರಿ ಎಂದುಕೊಳ್ಳಿ. ತೆರೆದ ಆಕಾಶದ ಕೆಳಗೆ ಆರಿಸಿಟ್ಟು ಹೊಸದಾಗಿ ಶುರು ಮಾಡಿದ ಜಿಪಿಎಸ್‌ಗೆ ಜಾಗ ಗುರುತಿಸಲು ಅರ್ಧ ನಿಮಿಷವಾದರೂ ಬೇಕು, ಹಾಲ್‌ನ ಒಳಗೆ ಗುರುತಿಸದೇ ಇರಬಹುದು. ಪರೀಕ್ಷಕರಿಗೆ ನೆನಪಿರುವುದು ಓಡದ ಜಿಪಿಎಸ್. ಮೂರು ವಾರ ಇದೆಯಲ್ಲ, ಅದನ್ನು ಬೇರೆ ಕೆಲಸಕ್ಕೆ ಬಳಸಿ. ನೆಟ್ ಇಲ್ಲದಾಗ ಅಳತೆಗಳು ಬೋರ್ಡ್‌ನ ಮೆಮೊರಿಯಲ್ಲಿ ಉಳಿದು, ನೆಟ್ ಬಂದ ಮೇಲೆ ಹೋಗುವ ಹಾಗೆ ಮಾಡಿ. "ದಾರಿಯಲ್ಲಿ ನೆಟ್ ಇಲ್ಲದಿದ್ದರೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಆ್ಯಪ್ ಕಡೆಯವರಿಗೆ ಕೆಲವು ಮಾತು. ಅನೇಕ ಉಚಿತ ಸರ್ವರ್‌ಗಳು ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಮಲಗಿಬಿಡುತ್ತವೆ. ಮೊದಲ ಬಾರಿ ಕರೆದಾಗ ಏಳಲು ಅರ್ಧ ನಿಮಿಷ, ಒಂದು ನಿಮಿಷ ಬೇಕಾಗುತ್ತದೆ. ನಿಮ್ಮ ಸರದಿಗೆ ಐದು ನಿಮಿಷ ಮೊದಲು ಒಮ್ಮೆ ತೆರೆದು ಎಬ್ಬಿಸಿ. ಒಟಿಪಿ ಬೇಕಾದ ಲಾಗಿನ್ ಇದ್ದರೆ ಮೊದಲೇ ಲಾಗಿನ್ ಆಗಿ ಕೂತಿರಿ. ಪಟ್ಟಿಯಲ್ಲಿ ಅರ್ಥವಿಲ್ಲದ ಅಕ್ಷರಗಳ ಪರೀಕ್ಷಾ ದಾಖಲೆಗಳು ಕಾಣಬಾರದು, ನಿಜವಾಗಿ ಬಳಸುವವರು ತುಂಬಿದಂತೆ ಕಾಣಬೇಕು. ಫೋನ್ ಪರದೆಯನ್ನು ಕೇಬಲ್ ಮೂಲಕ ದೊಡ್ಡ ಪರದೆಗೆ ತನ್ನಿ, ಚಿಕ್ಕ ಫೋನ್ ಎತ್ತಿ ಹಿಡಿದರೆ ಯಾರಿಗೂ ಕಾಣುವುದಿಲ್ಲ. ಪ್ರೊಜೆಕ್ಟರ್‌ನಲ್ಲಿ ಕಪ್ಪು ಹಿನ್ನೆಲೆ ಮಂಕಾಗುತ್ತದೆ, ಬಿಳಿ ಹಿನ್ನೆಲೆ ಮೇಲೆ ಕಪ್ಪು ಅಕ್ಷರ ಇಡಿ. ತಾಪಮಾನದ ಸಂಖ್ಯೆ ಕೋಣೆಯ ಕೊನೆಯಿಂದಲೂ ಓದುವಷ್ಟು ದೊಡ್ಡದಿರಲಿ. ನೋಟಿಫಿಕೇಷನ್ ಆರಿಸಿ.

ಮತ್ತೆ ಒಂದು ಕಟ್ಟುನಿಟ್ಟು. ಪ್ರದರ್ಶನಕ್ಕೆ ಮೂರು ದಿನ ಮೊದಲು ಕೋಡ್‌ಗೆ ಬೀಗ ಹಾಕಿ. ಓಡುತ್ತಿರುವ ಆವೃತ್ತಿಯ ಪ್ರತಿ ಬೇರೆ ಕಡೆ ಇಡಿ. ಅದೇ ಪ್ರೋಗ್ರಾಮ್ ಹಾಕಿದ ಎರಡನೇ ಬೋರ್ಡ್ ಒಂದು ಚೀಲದಲ್ಲಿರಲಿ. ಹಿಂದಿನ ರಾತ್ರಿ "ಒಂದೇ ಒಂದು ಸಾಲು ಬದಲಾಯಿಸುತ್ತೇನೆ" ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಪ್ರೀತಿಯಿಂದ ಮಲಗಲು ಕಳಿಸಿ.

ಇನ್ನು ಯಾರು ಮಾತಾಡಬೇಕು ಎಂಬ ಪ್ರಶ್ನೆ. 1968ರ ಡಿಸೆಂಬರ್ 9ರಂದು ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 90 ನಿಮಿಷ ಕೂತು ಮೌಸ್, ಹೈಪರ್‌ಟೆಕ್ಸ್ಟ್ (ಒತ್ತಿದರೆ ಬೇರೆ ಕಡೆಗೆ ಕರೆದೊಯ್ಯುವ ಬರಹ), ದೂರದಲ್ಲಿರುವವರ ಜೊತೆ ಪರದೆ ಹಂಚಿಕೊಳ್ಳುವುದು ಎಲ್ಲವನ್ನೂ ತೋರಿಸಿದರು. ವೇದಿಕೆ ಮೇಲೆ ಕಂಡದ್ದು ಹೆಚ್ಚಾಗಿ ಅವರೊಬ್ಬರೇ. ಆದರೆ ಹಾಲ್‌ನ ಹಿಂದೆ ಕೂತು ಕ್ಯಾಮೆರಾ, ಪರದೆಗಳನ್ನು ನಡೆಸಿದ್ದು ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್, ದೂರದ ಮೆನ್ಲೋ ಪಾರ್ಕ್‌ನ ಪ್ರಯೋಗಾಲಯದಲ್ಲಿ ಇನ್ನಷ್ಟು ಜನ ಕೂತಿದ್ದರು. ಹಾಗೆ ನೀವು ಕಥೆ ಹೇಳಿ, ತಪ್ಪಿಲ್ಲ. ಒಬ್ಬರು ಸಾಧನ ಮುಟ್ಟಲಿ, ಒಬ್ಬರು ಪರದೆ ನೋಡಿಕೊಳ್ಳಲಿ, ಒಬ್ಬರು ಸಮಯ ಮತ್ತು ಬದಲಿ ಬೋರ್ಡ್ ಹಿಡಿದಿರಲಿ. ಮಾತಾಡುವವರೇ ತಂತಿಯನ್ನೂ ಹಿಡಿದರೆ ಎರಡೂ ಕೆಡುತ್ತವೆ.

ಆದರೆ ಪ್ರಶ್ನೆಗಳಿಗೆ ಮಾತ್ರ ಆ ಭಾಗ ಮಾಡಿದವರೇ ಉತ್ತರಿಸಬೇಕು. ನಾನು ಬೇಕೆಂದೇ ಸುಮ್ಮನೆ ನಿಂತವರನ್ನು ಕೇಳುತ್ತೇನೆ, "ಆ ಪುಲ್‌ಅಪ್ ರೆಸಿಸ್ಟರ್ ಯಾಕೆ?" ಎಂದು. ತಡವರಿಸಿ ಹೇಳಿದರೂ ಸರಿ, ಅವರ ಬಾಯಿಂದಲೇ ಬಂದರೆ ಸಂತೋಷ. ಲೈಬ್ರರಿ ಬಳಸಿದ್ದರೆ ಬಳಸಿದ್ದೇವೆ ಎನ್ನಿ, ಅದರಲ್ಲಿ ಅವಮಾನ ಇಲ್ಲ. ಗೊತ್ತಿಲ್ಲದ್ದು ಕೇಳಿದರೆ "ಅದನ್ನು ನಾವು ಅಳೆದಿಲ್ಲ. ಅಳೆಯಬೇಕಾದರೆ ಹೀಗೆ ಮಾಡುತ್ತೇವೆ" ಎಂದು ಹೇಳಬಹುದು. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬುದನ್ನಂತೂ ಈಗಲೇ ಅಳೆದಿಟ್ಟುಕೊಳ್ಳಿ, ಆ ಪ್ರಶ್ನೆ ತಪ್ಪುವುದಿಲ್ಲ.

ಅಷ್ಟಾದರೂ ನಡುವೆ ನಿಂತುಹೋದರೆ? 30 ಸೆಕೆಂಡ್ ಕೊಡಿ. ಒಮ್ಮೆ ರೀಸೆಟ್ ಒತ್ತಿ. ಬಾರದಿದ್ದರೆ ಇಬ್ಬರು ಸಾಧನವನ್ನು ಪಕ್ಕಕ್ಕೆ ಒಯ್ದು ನೋಡಲಿ, ನೀವು ಏನಾಗಿದೆ ಎಂದು ಒಂದು ವಾಕ್ಯದಲ್ಲಿ ಹೇಳಿ ವಿಡಿಯೋಗೆ ಹೋಗಿ. ನಾಲ್ಕು ಜನರೂ ಬೋರ್ಡ್ ಮೇಲೆ ಬಗ್ಗಿ, ಬೆನ್ನು ತೋರಿಸಿಕೊಂಡು ಐದು ನಿಮಿಷ ಮೌನವಾಗಿ ನಿಂತಿದ್ದೀರಲ್ಲ ಮೊದಲ ಸಲ, ಅಂಕ ಹೋಗಿದ್ದರೆ ಅಲ್ಲಿ ಹೋಗಿರುತ್ತದೆ. ಮೈನಸ್ 127ಕ್ಕೆ ಅಲ್ಲ.

ಅಭ್ಯಾಸ ಹೇಗೆ ಮಾಡಬೇಕು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ತುಂಬಿ. ಮೆಟ್ಟಿಲು ಹತ್ತಿ ಇಳಿದು ಬೇರೆ ಕೋಣೆಗೆ ಹೋಗಿ. ಅಲ್ಲಿ ಜೋಡಿಸಿ ಓಡಿಸಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದುಕೊಳ್ಳಿ. ಮಾರನೆಯ ದಿನ ಮೂರನೇ ಕೋಣೆ. ನಿಮ್ಮ ಪ್ರಾಜೆಕ್ಟ್ ಗೊತ್ತೇ ಇಲ್ಲದ ಒಬ್ಬರನ್ನು ಎದುರು ಕೂರಿಸಿ, ಮುಗಿದ ಮೇಲೆ "ಇದು ಏನು ಮಾಡುತ್ತದೆ?" ಎಂದು ಅವರನ್ನೇ ಕೇಳಿ. ಅವರು ಒಂದೇ ವಾಕ್ಯದಲ್ಲಿ ಸರಿಯಾಗಿ ಹೇಳುವವರೆಗೆ ನಿಮ್ಮ ಮಾತುಗಳನ್ನು ತಿದ್ದಿ. ಮತ್ತೆ ಐಸ್ ಬೇಗ ಕರಗುತ್ತದೆ, ಪ್ರದರ್ಶನದ ದಿನ ನಿಮ್ಮ ಸರದಿ ತಡವಾಗಬಹುದು. ಎರಡು ಲೋಟಕ್ಕೆ ಆಗುವಷ್ಟು ಐಸನ್ನು ನಿಮ್ಮದೇ ಪೆಟ್ಟಿಗೆಯೊಳಗೆ ಇಟ್ಟು ತನ್ನಿ. ಎಷ್ಟು ಹೊತ್ತು ಉಳಿದಿದೆ ಎಂದು ನಿಮ್ಮ ಸಾಧನವೇ ದಾಖಲಿಸಿರುತ್ತದೆ, ಆ ಗ್ರಾಫನ್ನೂ ತೋರಿಸಬಹುದು.